ಬಾಲ್ ಪೈಥಾನ್ ಹೊಟ್ಟೆ ಒಂದೇ ದಿನ ಉಬ್ಬಿ ಇಳಿಯಿತು: ತತ್ತಿಯೋ, ಗ್ಯಾಸೋ?

ಬೈತಖೋಲದವ, ಕಾರವಾರ
ಫೆಬ್ರವರಿ 20, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಹೆಣ್ಣು ಬಾಲ್ ಪೈಥಾನ್ (ಸಣ್ಣ ಜಾತಿಯ ವಿದೇಶಿ ಹೆಬ್ಬಾವು) ಇದೆ. ಹೆಸರು ಚಂದ್ರಿ, ಐದು ವರ್ಷ. ಜನವರಿಯಲ್ಲಿ 1,900 ಗ್ರಾಂ ತೂಗಿತ್ತು. ನವೆಂಬರ್‌ನಿಂದ ಜನವರಿವರೆಗೆ ಹುಬ್ಬಳ್ಳಿಯ ಗೆಳೆಯನ ಗಂಡು ಹಾವನ್ನು ತಂದು ಆಗಾಗ ಜೊತೆಗೆ ಬಿಟ್ಟಿದ್ದೆ. ಎರಡು ಸಲ ಬಾಲಕ್ಕೆ ಬಾಲ ಸುತ್ತಿಕೊಂಡು ಕೂತಿದ್ದನ್ನು ಕಣ್ಣಾರೆ ನೋಡಿದ್ದೇನೆ.

ನಿನ್ನೆ ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ನೋಡಿದರೆ ನಡು ಭಾಗ ಉಬ್ಬಿ ನಿಂತಿತ್ತು. ಟೆನಿಸ್ ಚೆಂಡು ನುಂಗಿದ ಹಾಗೆ. ಎರಡೂ ಪಕ್ಕ ಸಮನಾಗಿ, ಬಿಗಿಯಾಗಿ. ಇವತ್ತು ಸಂಜೆ ಬಂದು ನೋಡಿದರೆ ಹೆಚ್ಚುಕಮ್ಮಿ ಇಳಿದುಹೋಗಿದೆ! ಊಟ ಬಿಟ್ಟು ನಾಲ್ಕು ವಾರ ಆಯ್ತು, ಹಾಗಾಗಿ ಇಲಿ ಇರಲಿಕ್ಕೆ ಸಾಧ್ಯ ಇಲ್ಲ. ಇವತ್ತಿನ ತೂಕ 1,870.

ಅಮ್ಮ ಮಾತ್ರ "ಅದು ಗ್ಯಾಸು, ಓಮದ ನೀರು ಕುಡಿಸು" ಅಂತಾರೆ. ಹೊಟ್ಟೆಯಲ್ಲಿ ತತ್ತಿ ಇದೆಯೋ ಇಲ್ಲವೋ ಅಂತ ಮನೆಯಲ್ಲೇ ತಿಳಿಯೋದು ಹೇಗೆ? ಬೆರಳಿಂದ ಒತ್ತಿ ನೋಡಲಾ?

---

ಕರಿಇಶಾಡ, ಅಂಕೋಲಾ
ಫೆಬ್ರವರಿ 20, ರಾತ್ರಿ 10:58

ಓಮದ ನೀರು 😂 ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಮೊದಲು ಒಂದು ಮಾತು ಮಾರಾಯ್ರೆ. ಅದು ಹೆಣ್ಣು ಅನ್ನೋದು ಖಾತ್ರಿ ತಾನೇ? ನಾನು ನನ್ನ ಹಾವಿಗೆ ಎರಡು ತಿಂಗಳು ಬಾಣಂತನದ ತಯಾರಿ ಮಾಡಿದ್ದೆ. ತತ್ತಿ ಇಡಲು ಡಬ್ಬ, ಅದರೊಳಗೆ ಹಾಸಲು ಪಾಚಿ, ಎಲ್ಲಾ ತಂದಾಗಿತ್ತು. ಕೊನೆಗೆ ತಿಳಿದವರೊಬ್ಬರು ಪರೀಕ್ಷೆ ಮಾಡಿ "ಇದು ಗಂಡು, ಸ್ವಲ್ಪ ಬೊಜ್ಜು ಬಂದಿದೆ ಅಷ್ಟೆ" ಅಂದರು. ಮನೆಯಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ.

---

ಶಿರಸಿ_ತೋಟಿಗ
ಫೆಬ್ರವರಿ 20, ರಾತ್ರಿ 11:15

ತತ್ತಿಯೇ ಇರಬೇಕು. ನಮ್ಮ ಕಾರ್ನ್ ಸ್ನೇಕ್ ಕೂಡ ಹೀಗೇ ಊಟ ಬಿಟ್ಟಿತ್ತು, ಆಮೇಲೆ ಪೊರೆ ಬಿಟ್ಟಿತು, ಪೊರೆ ಬಿಟ್ಟ ಹನ್ನೊಂದನೇ ದಿನಕ್ಕೆ ತತ್ತಿ ಇಟ್ಟಿತು. ನಿಮ್ಮದು ಇನ್ನು ಹತ್ತು ಹನ್ನೆರಡು ದಿನದಲ್ಲಿ ಇಡಬಹುದು. ಡಬ್ಬ ಈಗಲೇ ಇಟ್ಟುಬಿಡಿ.

---

ಪೊರೆಪುಸ್ತಕ, ಕುಮಟಾ
ಫೆಬ್ರವರಿ 21, ಬೆಳಿಗ್ಗೆ 6:20

ತೋಟಿಗ ಅವರೇ, ಕಾರ್ನ್ ಸ್ನೇಕ್ ಲೆಕ್ಕವನ್ನು ಬಾಲ್ ಪೈಥಾನ್‌ಗೆ ಹಾಕಬೇಡಿ. ಒಂದು ಅಮೆರಿಕದ್ದು, ಇನ್ನೊಂದು ಪಶ್ಚಿಮ ಆಫ್ರಿಕಾದ್ದು. ಆಕಳಿನ ದಿನ ಎಮ್ಮೆಗೆ ಎಣಿಸಿದ ಹಾಗಾಗುತ್ತದೆ.

ಬೈತಖೋಲದ ತಮ್ಮ, ನೀನು ಒತ್ತಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒತ್ತಿ ನೋಡುವವರು ಇದ್ದಾರೆ. ಅವರು ಬೆರಳನ್ನು ಹೊಟ್ಟೆಯ ಕೆಳಗೆ ಹಗುರವಾಗಿ ಇಟ್ಟು ಹಾವನ್ನೇ ಮೇಲೆ ಹರಿಯಲು ಬಿಡುತ್ತಾರೆ. ಒಳಗಿನದು ಗೋಲಿಗಳ ಸಾಲಿನ ಹಾಗೆ ಬೆರಳಿಗೆ ತಾಗುತ್ತದೆ. ಅಭ್ಯಾಸ ಇಲ್ಲದವರು ಒತ್ತಿದರೆ ಒಳಗಿರುವುದು ಒಡೆಯಬಹುದು. ಈಗಂತೂ ಮುಟ್ಟಲೇಬೇಡ.

ನೀನು ನೋಡಿದ್ದು ಬಹುಶಃ ಓವ್ಯುಲೇಶನ್. ಅಂಡಾಶಯದಲ್ಲಿ ತಿಂಗಳುಗಟ್ಟಲೆ ದಪ್ಪ ಆಗುತ್ತಿದ್ದ ಅಂಡಗಳೆಲ್ಲ ಒಟ್ಟಿಗೇ ಕಳಚಿಕೊಂಡು ಅಂಡನಾಳಕ್ಕೆ ಇಳಿಯುವ ಹೊತ್ತು ಅದು. ನಡು ಭಾಗ ಬಿಗಿದುಕೊಂಡು ಉಬ್ಬುತ್ತದೆ. ಒಂದು ದಿನದ ಆಸುಪಾಸು ಇರುತ್ತದೆ, ಆಮೇಲೆ ಇಳಿಯುತ್ತದೆ. ತುಂಬ ಜನ ಇದನ್ನು ನೋಡುವುದೇ ಇಲ್ಲ, ಯಾಕೆಂದರೆ ರಾತ್ರಿ ಮಲಗಿ ಏಳುವಷ್ಟರಲ್ಲಿ ಮುಗಿದಿರುತ್ತದೆ. ನಿನ್ನ ಅದೃಷ್ಟ ಚೆನ್ನಾಗಿದೆ.

ಇನ್ನು ತಿಂದ ಇಲಿಯಾದರೆ ಎರಡು ಮೂರು ದಿನ ಗಂಟು ಇರುತ್ತದೆ, ದಿನಾ ಮೆತ್ತಗಾಗುತ್ತ ಹಿಂದಕ್ಕೆ ಸರಿಯುತ್ತದೆ. ಮಲ ಕಟ್ಟಿದ್ದರೆ ಗಂಟು ಬಾಲದ ಬುಡದ ಹತ್ತಿರವೇ ಇರುತ್ತದೆ. ಬೊಜ್ಜಾದರೆ ಇಡೀ ಮೈ ದಪ್ಪ, ಬಾಲ ಕೂಡ ದಪ್ಪ, ಮೈ ಮಡಚಿದ ಕಡೆ ಟೈರಿನ ಹಾಗೆ ಸುಕ್ಕು. ಒಂದೇ ಪಕ್ಕಕ್ಕೆ ಉಬ್ಬಿ, ಇಳಿಯದೆ, ವಾರ ವಾರ ದೊಡ್ಡದಾಗುತ್ತಿದ್ದರೆ ಮಾತ್ರ ಹೆದರಬೇಕು. ಅದು ಗೆಡ್ಡೆಯೋ ಕೀವೋ ಆಗಿರಬಹುದು.

ಈಗ ನನ್ನ ಪ್ರಶ್ನೆ. ಡಿಸೆಂಬರ್, ಜನವರಿಯಲ್ಲಿ ಚಂದ್ರಿ ಎಲ್ಲಿ ಮಲಗುತ್ತಿದ್ದಳು? ಬಿಸಿ ಇರುವ ಕಡೆಯೋ, ತಂಪಿರುವ ಕಡೆಯೋ?

---

ಬೈತಖೋಲದವ
ಫೆಬ್ರವರಿ 21, ಬೆಳಿಗ್ಗೆ 7:05

ಅಕ್ಕಾ, ನೀವು ಕೇಳಿದ ಮೇಲೆ ನೆನಪಾಯ್ತು. ಜನವರಿ ಪೂರ್ತಿ ನೀರಿನ ಬಟ್ಟಲಿಗೆ ಸುತ್ತಿಕೊಂಡೇ ಇದ್ದಳು. ಹೀಟ್ ಮ್ಯಾಟ್ ಕಡೆ ತಲೆಯೇ ಹಾಕುತ್ತಿರಲಿಲ್ಲ. ನಾನು ಮ್ಯಾಟ್ ಕೆಟ್ಟಿದೆ ಅಂತ ಹೊಸದು ತಂದೆ!

ಇನ್ನೊಂದು. ಕೆಲವು ಸಲ ಅರ್ಧ ಮೈ ಮಗುಚಿ, ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿದ್ದಳು. ಸತ್ತೇ ಹೋಗಿದ್ದಾಳೆ ಅಂತ ಒಂದು ಸಲ ಕೂಗಿಕೊಂಡಿದ್ದೆ.

---

ಪೊರೆಪುಸ್ತಕ
ಫೆಬ್ರವರಿ 21, ಬೆಳಿಗ್ಗೆ 7:30

ಹೊಸ ಮ್ಯಾಟಿನ ದುಡ್ಡು ಹೋಯ್ತು 😄 ಎಲ್ಲ ಸರಿಯಾಗೇ ಇದೆ ತಮ್ಮಾ. ಒಳಗೆ ಅಂಡ ಬೆಳೆಯುವಾಗ ತಂಪು ಹುಡುಕುತ್ತವೆ, ಬಟ್ಟಲು ಸುತ್ತುತ್ತವೆ, ಹೊಟ್ಟೆ ಮೇಲೆ ಮಾಡಿ ಮಲಗುತ್ತವೆ. ಓವ್ಯುಲೇಶನ್ ಆದ ಮೇಲೆ ಉಲ್ಟಾ. ಇನ್ನು ಬಿಸಿ ಬಿಟ್ಟು ಏಳುವುದಿಲ್ಲ ನೋಡು. ಮೈಬಣ್ಣವೂ ಸ್ವಲ್ಪ ತಿಳಿಯಾಗಿ ಕಾಣಬಹುದು.

ಒಂದು ನೋಟ್‌ಬುಕ್ ತಗೋ. ಮೊದಲ ಗೆರೆಯಲ್ಲಿ "ಫೆಬ್ರವರಿ 19, ಉಬ್ಬು" ಅಂತ ಬರೆ. ಇಲ್ಲಿಂದ ಸುಮಾರು ಎರಡು ಮೂರು ವಾರಕ್ಕೆ ಒಂದು ಪೊರೆ ಬಿಡುತ್ತಾಳೆ. ಆ ಪೊರೆಯ ತಾರೀಖೇ ಮುಖ್ಯ. ಅಲ್ಲಿಂದ ಸುಮಾರು 30 ದಿನಕ್ಕೆ ತತ್ತಿ. ನಾಲ್ಕು ದಿನ ಹಿಂದೆ ಮುಂದೆ ಆಗಬಹುದು, ಅದಕ್ಕಿಂತ ಜಾಸ್ತಿಯೂ ಆಗುವುದುಂಟು. ನಾನು ಒಂಬತ್ತು ವರ್ಷದಿಂದ ಹೊಟ್ಟೆ ನೋಡಿ ಹೇಳುವುದನ್ನು ಬಿಟ್ಟಿದ್ದೇನೆ. ಪುಸ್ತಕ ನೋಡಿ ಹೇಳುತ್ತೇನೆ. ಒಂದು ಫೋಟೋದಲ್ಲಿ ಎಲ್ಲ ದಪ್ಪ ಹಾವುಗಳೂ ಬಸುರಿಯ ಹಾಗೇ ಕಾಣುತ್ತವೆ.

---

ಕೊಟ್ಟಿಗೆ_ಕಾಕಾ, ಯಲ್ಲಾಪುರ
ಫೆಬ್ರವರಿ 21, ಮಧ್ಯಾಹ್ನ 1:12

ನಾನು ಪಶುವೈದ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವ. ಆಕಳು ಗಬ್ಬ ಆಗಿದೆಯೋ ಇಲ್ಲವೋ ಅಂತ ಕೈ ಹಾಕಿ ನೋಡಿದ್ದಕ್ಕೆ ಲೆಕ್ಕವೇ ಇಲ್ಲ. ಆದರೂ ಹಾವನ್ನು ಒತ್ತಿ ನೋಡಬೇಡಿ ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇದೆ. ಆಕಳ ಗರ್ಭಕೋಶಕ್ಕೆ ದಪ್ಪ ಗೋಡೆ ಇದೆ. ಹಾವಿನ ಅಂಡದ ಸುತ್ತ ತೆಳು ಪದರ ಬಿಟ್ಟರೆ ಏನೂ ಇಲ್ಲ.

ಖಾತ್ರಿ ಬೇಕೇ ಬೇಕು ಅಂದರೆ ಅಲ್ಟ್ರಾಸೌಂಡ್ ಒಳ್ಳೆಯದು. ಎಕ್ಸ್-ರೇ ಅಷ್ಟು ಸ್ಪಷ್ಟ ಬರುವುದಿಲ್ಲ. ಕೋಳಿಮೊಟ್ಟೆಯ ಚಿಪ್ಪು ಸುಣ್ಣದ್ದು, ಎಕ್ಸ್-ರೇಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಹಾವಿನ ತತ್ತಿಯದು ಚರ್ಮದ ಹಾಗಿನ ಚಿಪ್ಪು, ಸುಣ್ಣ ಕಡಿಮೆ. ಮಸುಕು ನೆರಳು ಕಾಣುತ್ತದೆ ಅಷ್ಟೆ.

---

ಹೊನ್ನಾವರ_ಹೊಳೆ
ಫೆಬ್ರವರಿ 21, ಸಂಜೆ 5:46

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಅಡಿಕೆ ಗೋದಾಮಿನಲ್ಲಿ ಒಂದು ದಪ್ಪ ಕೇರೆ ಹಾವು ಓಡಾಡುತ್ತಿದೆ. ಅದಕ್ಕೂ ತತ್ತಿ ಇದ್ದ ಹಾಗಿದೆ. ಹಿಡಿದು ಡಬ್ಬದಲ್ಲಿ ಇಟ್ಟು ತತ್ತಿ ಇಡಿಸಿ ಆಮೇಲೆ ಬಿಡೋಣ ಅಂತ ತಮ್ಮನ ಆಸೆ. ಮಾಡಬಹುದಾ?

---

ಕರಿಇಶಾಡ
ಫೆಬ್ರವರಿ 21, ಸಂಜೆ 5:59

ಬೇಡವೇ ಬೇಡ. ನಮ್ಮ ನೆಲದ ಹಾವುಗಳನ್ನು ಹಿಡಿದು ಇಟ್ಟುಕೊಳ್ಳುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ. ಗೋದಾಮಿನಲ್ಲಿ ಕೇರೆ ಇದ್ದರೆ ನಿಮಗೆ ಲಾಭ, ಇಲಿ ಕಾಟ ಇರುವುದಿಲ್ಲ. ಓಡಾಡಲು ತೀರಾ ತೊಂದರೆ ಆದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಮತ್ತೆ ಅದು ಕೇರೆಯೇ ಅಂತ ಖಾತ್ರಿ ಇಲ್ಲದೆ ಹತ್ತಿರ ಹೋಗಬೇಡಿ ಮಾರಾಯ್ರೆ. ಕೇರೆ ಅಂತ ನಾಗರಹಾವಿಗೆ ಕೈ ಹಾಕಿದವರ ಕತೆ ನಮ್ಮೂರಲ್ಲೇ ಇದೆ.

---

ಪೊರೆಪುಸ್ತಕ
ಫೆಬ್ರವರಿ 21, ರಾತ್ರಿ 8:10

ಹೌದು. ಕಾಯ್ದೆ ಮಾತು ಬಂದಿದ್ದಕ್ಕೆ ಚಂದ್ರಿಯ ಯಜಮಾನರಿಗೂ ಒಂದು ಮಾತು. ಬಾಲ್ ಪೈಥಾನ್ ಹೊರದೇಶದ್ದಾದರೂ ಸೈಟ್ಸ್ ಒಪ್ಪಂದದ (ದೇಶ ದೇಶಗಳ ನಡುವೆ ಕಾಡುಜೀವಿಗಳ ವ್ಯಾಪಾರಕ್ಕೆ ಹತೋಟಿ ಹಾಕುವ ಒಪ್ಪಂದ) ಎರಡನೇ ಪಟ್ಟಿಯಲ್ಲಿದೆ. 2022ರ ತಿದ್ದುಪಡಿ ಆದ ಮೇಲೆ ಇಂಥವುಗಳನ್ನು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಿಯಮ 2024ರಲ್ಲಿ ಬಂದಿದೆ. ಮರಿ ಹುಟ್ಟಿದರೆ ಅದನ್ನೂ ತಿಳಿಸಬೇಕು, ಬೇರೆಯವರಿಗೆ ಕೊಟ್ಟರೆ ಅದನ್ನೂ. ನೋಂದಣಿ ಆಗಿದೆ ತಾನೇ?

---

ಬೈತಖೋಲದವ
ಫೆಬ್ರವರಿ 21, ರಾತ್ರಿ 8:31

ಚಂದ್ರಿಯದು ಆಗಿದೆ ಅಕ್ಕಾ. ಗೆಳೆಯನ ಗಂಡಿನದೂ ಆಗಿದೆ. ಮರಿಗಳ ವಿಷಯ ಗೊತ್ತಿರಲಿಲ್ಲ, ಒಳ್ಳೆಯದಾಯ್ತು.

---

ಶಿರಸಿ_ತೋಟಿಗ
ಫೆಬ್ರವರಿ 22, ಬೆಳಿಗ್ಗೆ 9:15

ಮೊನ್ನೆ ಅವಸರದಲ್ಲಿ ಹೇಳಿಬಿಟ್ಟೆ, ತಪ್ಪಾಯ್ತು. ಆದರೆ ನನ್ನ ಕತೆ ಪೂರ್ತಿ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆದೀತು.

ನಮ್ಮ ಕಾರ್ನ್ ಸ್ನೇಕ್ ಹುಟ್ಟಿದಾಗಿನಿಂದ ಒಂಟಿ. ಗಂಡಿನ ಮುಖ ನೋಡಿದ್ದೇ ಇಲ್ಲ. ಮೂರನೇ ವರ್ಷ ಏಪ್ರಿಲ್‌ನಲ್ಲಿ ಹಿಂಭಾಗ ದಪ್ಪ ಆಗತೊಡಗಿತು. ಜಾಸ್ತಿ ಊಟ ಹಾಕಿದ್ದೇನೆ ಅಂದುಕೊಂಡೆ. ಮೇಲಿಂದ ನೋಡಿದರೆ ಸೌತೆಕಾಯಿಯ ಹಾಗೆ ಹೋಗಿ ಬಾಲದ ಹತ್ತಿರ ಒಮ್ಮೆಲೇ ಸಣ್ಣ. ಹುರುಪೆಗಳ ನಡುವೆ ಚರ್ಮ ಕಾಣುತ್ತಿತ್ತು. ಪೊರೆ ಬಿಟ್ಟಿತು. ಆಮೇಲೆ ಪೆಟ್ಟಿಗೆಯ ನಾಲ್ಕೂ ಮೂಲೆ ತಲೆಯಿಂದ ದೂಡಲು ಶುರು. ರಾತ್ರಿ ಪೂರ್ತಿ ಟಕ ಟಕ ಸದ್ದು. ತಪ್ಪಿಸಿಕೊಳ್ಳಲು ನೋಡುತ್ತಿದೆ ಅಂತ ಮುಚ್ಚಳದ ಮೇಲೆ ಒನಕೆ ಇಟ್ಟೆ. ಪಾಪ, ಅದು ತತ್ತಿ ಇಡಲು ಜಾಗ ಹುಡುಕುತ್ತಿತ್ತು.

ಹನ್ನೊಂದನೇ ದಿನ ನೀರಿನ ಬಟ್ಟಲಲ್ಲೇ ಹದಿಮೂರು ತತ್ತಿ. ಎಲ್ಲ ಹಳದಿ, ಗಟ್ಟಿ, ಸಣ್ಣ. ಒಂದೂ ಒಳ್ಳೆಯದಲ್ಲ. ಒಂದು ತತ್ತಿ ಒಳಗೇ ಉಳಿಯಿತು, ಬಾಲದಿಂದ ಒಂದು ಗೇಣು ಮುಂದೆ. ಎರಡು ದಿನ ಕಾದೆ. ಒಬ್ಬ ಡಾಕ್ಟರು "ತಾನೇ ಬರುತ್ತದೆ, ಎಣ್ಣೆ ಹಚ್ಚಿ ಕೆಳಗೆ ನೂಕಿ" ಅಂದರು. ನೂಕಲಿಲ್ಲ, ಪುಣ್ಯ. ದಿಂಬಿನ ಚೀಲದಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ಹೋದೆ. ಅಲ್ಲಿನವರು ಸೂಜಿ ಹಾಕಿ ತತ್ತಿಯ ಒಳಗಿನ ನೀರು ತೆಗೆದರು. ತತ್ತಿ ಕುಗ್ಗಿ ಮಾರನೇ ದಿನ ಹೊರಗೆ ಬಂತು. ಅದಿನ್ನೂ ಬದುಕಿದೆ, ಈಗ ಏಳು ವರ್ಷ.

ಬಸ್ಸಿನಲ್ಲಿ ಪಕ್ಕದವರು "ಚೀಲದಲ್ಲಿ ಏನು?" ಅಂತ ಕೇಳಿದ್ದಕ್ಕೆ ಹಲಸಿನ ಹಪ್ಪಳ ಅಂದಿದ್ದೆ.

---

ಹೊನ್ನಾವರ_ಹೊಳೆ
ಫೆಬ್ರವರಿ 22, ಬೆಳಿಗ್ಗೆ 9:40

ಗಂಡು ಇಲ್ಲದೆ ತತ್ತಿ ಹೇಗೆ??

---

ಕೊಟ್ಟಿಗೆ_ಕಾಕಾ
ಫೆಬ್ರವರಿ 22, ಬೆಳಿಗ್ಗೆ 11:02

ಫಾರಂ ಕೋಳಿ ಹುಂಜ ಇಲ್ಲದೆ ಮೊಟ್ಟೆ ಇಡುವುದಿಲ್ಲವೇ? ಅದೇ ರೀತಿ. ತತ್ತಿ ಬರುತ್ತದೆ, ಮರಿ ಆಗುವುದಿಲ್ಲ.

---

ಪೊರೆಪುಸ್ತಕ
ಫೆಬ್ರವರಿ 22, ಮಧ್ಯಾಹ್ನ 2:25

ಸಾಮಾನ್ಯವಾಗಿ ಆಗುವುದಿಲ್ಲ ಕಾಕಾ, ಆದರೆ ಹಾವುಗಳ ವಿಷಯದಲ್ಲಿ ಪೂರ್ತಿ ಹಾಗೆ ಹೇಳಲು ಬರುವುದಿಲ್ಲ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದ ಒಂದು ಬಾಲ್ ಪೈಥಾನ್ 2020ರಲ್ಲಿ ಏಳು ತತ್ತಿ ಇಟ್ಟಿತು. ವಯಸ್ಸು 60 ದಾಟಿತ್ತು. ಗಂಡಿನ ಹತ್ತಿರ ಹೋಗಿ 15 ವರ್ಷವೇ ಆಗಿತ್ತು ಅಂತ ಮೃಗಾಲಯದವರೇ ಹೇಳಿದ್ದರು. ಹೆಣ್ಣು ಹಾವು ಗಂಡಿನ ವೀರ್ಯವನ್ನು ಒಳಗೇ ಬಹಳ ಕಾಲ ಜೋಪಾನ ಮಾಡಿಟ್ಟುಕೊಳ್ಳಬಲ್ಲದು. ಅಪರೂಪಕ್ಕೆ ಗಂಡೇ ಇಲ್ಲದೆಯೂ ಮರಿ ಆಗುವುದುಂಟು.

ಅಷ್ಟು ದೂರ ಯಾಕೆ, ನಮ್ಮ ಹೂಕುಂಡದ ಮಣ್ಣಲ್ಲಿ ಎರೆಹುಳುವಿನ ಹಾಗೆ ಕಾಣುವ ಹುಳ ಹಾವು ಸಿಗುತ್ತದಲ್ಲ? ಆ ಜಾತಿಯಲ್ಲಿ ಎಲ್ಲ ಹೆಣ್ಣೇ. ಗಂಡಿನ ಹಂಗೇ ಇಲ್ಲ.

ಹಾಗಾಗಿ "ನಮ್ಮದು ಒಂಟಿ ಹಾವು, ತತ್ತಿ ಇರಲಾರದು" ಅಂತ ಯಾರೂ ನಿಶ್ಚಿಂತೆಯಿಂದ ಇರಬೇಡಿ. ಒಂಟಿ ಹೆಣ್ಣು ಕಾರ್ನ್ ಸ್ನೇಕ್ ವಸಂತದಲ್ಲಿ ಹಿಂಭಾಗ ದಪ್ಪ ಆದರೆ ಮೊದಲು ತತ್ತಿ ಅಂತಲೇ ಅನುಮಾನ ಪಡಿ. ಡಬ್ಬದಲ್ಲಿ ಒದ್ದೆ ಪಾಚಿ ಇಟ್ಟುಬಿಟ್ಟರೆ ನಷ್ಟ ಏನೂ ಇಲ್ಲ.

---

ಬೈತಖೋಲದವ
ಮಾರ್ಚ್ 10, ಬೆಳಿಗ್ಗೆ 6:48

ಪೊರೆ ಬಿಟ್ಟಳು! ಇವತ್ತು ಬೆಳಿಗ್ಗೆ. ಒಂದೇ ತುಂಡು, ಕಣ್ಣಿನ ಪೊರೆ ಸಮೇತ. ಉಬ್ಬು ಕಂಡು 19 ದಿನ. ಈಗ ದಿನವಿಡೀ ಹೀಟ್ ಮ್ಯಾಟ್ ಮೇಲೆಯೇ. ಹೊಸ ಮ್ಯಾಟಿನ ದುಡ್ಡು ವಸೂಲಾಯ್ತು.

---

ಪೊರೆಪುಸ್ತಕ
ಮಾರ್ಚ್ 10, ಬೆಳಿಗ್ಗೆ 7:02

ಈಗ ಧೈರ್ಯವಾಗಿ ಹೇಳುತ್ತೇನೆ, ತತ್ತಿ ಇದೆ. ಉಬ್ಬು, ಅದರ ಮೇಲೆ ಲೆಕ್ಕಕ್ಕೆ ಸರಿಯಾಗಿ ಪೊರೆ, ಅದರ ಮೇಲೆ ಬಿಸಿ ಹುಡುಕಾಟ. ಮೂರೂ ಕೂಡಿತಲ್ಲ. ಏಪ್ರಿಲ್ 9ರ ಆಚೀಚೆ ರಜೆ ಹಾಕಿಕೋ.

ಇನ್ನು ಇಲಿ ಕೊಡಲು ಹೋಗಬೇಡ, ಎತ್ತಿ ಆಡಿಸಬೇಡ. ಬಿಸಿ ಜಾಗ 32 ಡಿಗ್ರಿ ಆಸುಪಾಸು ಇರಲಿ. ಥರ್ಮೋಸ್ಟಾಟ್ (ಬಿಸಿ ಹತೋಟಿಯಲ್ಲಿಡುವ ಸಾಧನ) ಇಲ್ಲದ ಮ್ಯಾಟ್ ಆದರೆ ಹೊಟ್ಟೆ ಸುಟ್ಟುಕೊಂಡೀತು, ಈಗ ಅವಳು ಸರಿದು ಹೋಗುವುದಿಲ್ಲ.

---

ಕರಿಇಶಾಡ
ಮಾರ್ಚ್ 10, ಬೆಳಿಗ್ಗೆ 8:20

ತತ್ತಿ ಕಾವಿಗೆ ಪೆಟ್ಟಿಗೆ ಬೇಕಾದರೆ ದುಬಾರಿಯದೇನೂ ಬೇಡ. ಮೀನು ಮಾರ್ಕೆಟ್‌ನಲ್ಲಿ ಐಸ್ ಹಾಕುವ ಥರ್ಮಾಕೋಲ್ ಪೆಟ್ಟಿಗೆ ಕೇಳಿ ತನ್ನಿ. ಸೋಪು ಹಾಕಿ ನಾಲ್ಕು ಸಲ ತೊಳೆದು ಬಿಸಿಲಿಗಿಡಿ. ಬಂಗಡೆ ವಾಸನೆ ಪೂರ್ತಿ ಹೋಗುವುದಿಲ್ಲ, ಹಾವಿಗೆ ಅದರಿಂದ ಏನೂ ಆಗುವುದಿಲ್ಲ.

---

ಪೊರೆಪುಸ್ತಕ
ಮಾರ್ಚ್ 10, ಬೆಳಿಗ್ಗೆ 8:44

ಪೆಟ್ಟಿಗೆ ಒಳ್ಳೆಯದೇ, ಆದರೆ ಕರಾವಳಿಯವರು ಒಂದು ಗಮನಿಸಿ. ತತ್ತಿಗೆ 31ರಿಂದ 32 ಡಿಗ್ರಿ ಬೇಕು. ಥರ್ಮೋಸ್ಟಾಟ್ ಬಿಸಿ ಮಾಡುವುದನ್ನು ನಿಲ್ಲಿಸಬಲ್ಲದು, ತಂಪು ಮಾಡಲಾರದು. ಮೇ ತಿಂಗಳಲ್ಲಿ ಹಂಚಿನ ಮಾಡಿನ ಕೆಳಗೆ ಮಧ್ಯಾಹ್ನ ಕೋಣೆಯೇ 34 ಆದರೆ ಪೆಟ್ಟಿಗೆ ಏನು ಮಾಡೀತು? ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆಯಲ್ಲಿ, ನೆಲದ ಮೇಲೆ ಇಡಿ. ನನ್ನ ಎರಡನೇ ವರ್ಷದ ತತ್ತಿಗಳು ಅಟ್ಟದಲ್ಲಿ ಬೆಂದೇ ಹೋದವು.

ಶಿರಸಿ ಕಡೆಯವರಿಗೆ ಈ ತಾಪತ್ರಯ ಕಡಿಮೆ. ಅವರಿಗೆ ಕರೆಂಟು ಹೋದಾಗ ತಣ್ಣಗಾಗುವ ಚಿಂತೆ. ನೀರು ತುಂಬಿದ ಬಾಟಲಿ ನಾಲ್ಕು ಒಳಗಿಟ್ಟರೆ ಬಿಸಿ ಬೇಗ ಇಳಿಯುವುದಿಲ್ಲ.

---

ಬೈತಖೋಲದವ
ಏಪ್ರಿಲ್ 8, ರಾತ್ರಿ 11:30

29ನೇ ದಿನ. ತೂಕ 1,800. ಎರಡು ದಿನದಿಂದ ಒದ್ದಾಡುತ್ತಿದ್ದಾಳೆ, ಡಬ್ಬದ ಒಳಗೆ ಹೊರಗೆ. ಬಾಲದ ಕಡೆ ಉಂಡೆ ಉಂಡೆ ಕಾಣುತ್ತಿದೆ. ಅಮ್ಮ ಎರಡು ಸಲ ಬಂದು ಬಾಗಿಲಲ್ಲೇ ನಿಂತು ನೋಡಿ ಹೋದರು. ಮೊದಲು ಆ ಕೋಣೆ ಕಡೆ ಬರುತ್ತಲೇ ಇರಲಿಲ್ಲ.

---

ಕೊಟ್ಟಿಗೆ_ಕಾಕಾ
ಏಪ್ರಿಲ್ 8, ರಾತ್ರಿ 11:41

ದೀಪ ಆರಿಸಿ, ಬಟ್ಟೆ ಮುಚ್ಚಿ, ಮಲಗಿ. ಕರು ಹಾಕುವ ಆಕಳ ಹತ್ತಿರ ಊರವರೆಲ್ಲ ನಿಂತರೆ ಅದಕ್ಕೂ ಆಗುವುದಿಲ್ಲ.

---

ಬೈತಖೋಲದವ
ಏಪ್ರಿಲ್ 9, ಬೆಳಿಗ್ಗೆ 6:15

ಆರು!! ಐದು ಬೆಳ್ಳಗೆ, ದೊಡ್ಡವು, ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಹಳದಿ, ಸಣ್ಣದು, ಬದಿಗೆ ಬಿದ್ದಿದೆ. ಚಂದ್ರಿ ಸುತ್ತ ಸುರುಳಿ ಹಾಕಿ ಕೂತಿದ್ದಾಳೆ, ಹತ್ತಿರ ಹೋದರೆ ಬುಸ್ಸೆನ್ನುತ್ತಾಳೆ. ನಮ್ಮ ಚಂದ್ರಿ ಬುಸ್ಸೆಂದಿದ್ದು ಇದೇ ಮೊದಲು. ಬಿಡಿಸಿ ಬೇರೆ ಬೇರೆ ಇಡಲಾ?

---

ಪೊರೆಪುಸ್ತಕ
ಏಪ್ರಿಲ್ 9, ಬೆಳಿಗ್ಗೆ 6:22

ಬಿಡಿಸಬೇಡ! ಅಂಟಿದ್ದು ಅಂಟಿದ ಹಾಗೇ ಇರಲಿ. ಮೇಲ್ಭಾಗಕ್ಕೆ ಪೆನ್ಸಿಲ್‌ನಿಂದ ಒಂದು ಗುರುತು ಹಾಕಿ, ಅದೇ ಮೇಲಿರುವ ಹಾಗೆ ಎತ್ತಿಡು. ಕೋಳಿಮೊಟ್ಟೆಯ ಹಾಗೆ ಮಗುಚುವಂತಿಲ್ಲ. ಒಳಗಿನ ಭ್ರೂಣ ಒಂದು ಕಡೆ ಅಂಟಿ ನಿಲ್ಲುತ್ತದೆ, ತಿರುಗಿಸಿದರೆ ಸತ್ತುಹೋಗಬಹುದು. ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿ, ಕೆಂಪು ನರಗಳು ಕಂಡರೆ ಜೀವ ಇದೆ ಅಂತ. ಹಳದಿಯದನ್ನು ತೆಗೆದು ಬಿಸಾಡು.

ಆಮೇಲೆ ಅವಳ ಹೊಟ್ಟೆಯ ಪಕ್ಕ ಒಮ್ಮೆ ನೋಡು. ಒಳಗೆ ಇನ್ನೊಂದು ಉಳಿದಿದ್ದರೆ ಉಂಡೆ ಕಾಣುತ್ತದೆ.

---

ಶಿರಸಿ_ತೋಟಿಗ
ಏಪ್ರಿಲ್ 9, ಬೆಳಿಗ್ಗೆ 6:50

ಅಭಿನಂದನೆ! ಅಕ್ಕ ಹೇಳಿದ್ದು 9, ಆಗಿದ್ದೂ 9. ಪಂಚಾಂಗದವರೂ ಇಷ್ಟು ಸರಿಯಾಗಿ ಹೇಳುವುದಿಲ್ಲ.

---

ಪೊರೆಪುಸ್ತಕ
ಏಪ್ರಿಲ್ 9, ಬೆಳಿಗ್ಗೆ 7:00

ಅದು ಕಾಕತಾಳೀಯ ಮಾರಾಯ್ರೆ. ಹೋದ ವರ್ಷ ನನ್ನದೇ ಹಾವಿಗೆ ಎಂಟು ದಿನ ತಪ್ಪಿ ಹೇಳಿದ್ದೆ.

---

ಬೈತಖೋಲದವ
ಏಪ್ರಿಲ್ 9, ರಾತ್ರಿ 9:05

ಐದರಲ್ಲೂ ನರ ಕಂಡವು. ಚಂದ್ರಿಯ ಮೈ ಖಾಲಿ ಚೀಲದ ಹಾಗಾಗಿದೆ, ಉಂಡೆ ಏನೂ ಉಳಿದಿಲ್ಲ. ತೂಕ 1,310. ನೋಟ್‌ಬುಕ್‌ನಲ್ಲಿ ಬರೆದೆ. ಪೆಟ್ಟಿಗೆ ಅಮ್ಮನ ಕೋಣೆಯಲ್ಲಿದೆ, ಮನೆಯಲ್ಲಿ ತಂಪು ಅದೊಂದೇ. ಕೇಳಲು ಹೆದರಿದ್ದೆ. "ಮಂಚದ ಕೆಳಗಿಡು, ಕಾಲಿಗೆ ತಾಗದ ಹಾಗೆ" ಅಂದರು.

ಇನ್ನು ಅವಳಿಗೆ ಇಲಿ ಯಾವಾಗ ಕೊಡಲಿ?

---

ಪೊರೆಪುಸ್ತಕ
ಏಪ್ರಿಲ್ 9, ರಾತ್ರಿ 9:18

ಮೊದಲು ಅವಳನ್ನೂ ಅವಳು ಇರುವ ಪೆಟ್ಟಿಗೆಯನ್ನೂ (ತತ್ತಿಯ ಪೆಟ್ಟಿಗೆಯನ್ನಲ್ಲ) ಸೋಪು ನೀರಿನಲ್ಲಿ ತೊಳೆ. ತತ್ತಿಯ ವಾಸನೆ ಇರುವತನಕ ಕಾವಲು ಕೂರುತ್ತಾಳೆ, ಊಟ ಮುಟ್ಟುವುದಿಲ್ಲ. ವಾರ ಬಿಟ್ಟು ಸಣ್ಣ ಇಲಿ ಒಂದು ಕೊಟ್ಟು ನೋಡು.